ಕಿಲೋಮೀಟರಿಗೆ ಇಂತಿಷ್ಟು ಅಂತ ಪ್ರಯಾಣ ಖರ್ಚು ಕೇಳೋಣವೇ? ಬಜೆಟ್ ಮನವಿಯ ಕರಡು, ನಿಮ್ಮ ಅಭಿಪ್ರಾಯ ಬೇಕು

ತೋರಣಗಲ್ಲು ವೆಲ್ಡ್‌ಟೆಸ್ಟ್

ಎಲ್ಲರಿಗೂ ನಮಸ್ಕಾರ. ಪ್ರತಿ ವರ್ಷ ಬಜೆಟ್‌ಗೆ ಮೊದಲು ಹಣಕಾಸು ಸಚಿವಾಲಯ ಸಲಹೆ ಕೇಳುತ್ತದೆ. ದೊಡ್ಡ ಸಂಘಗಳವರು ದೆಹಲಿಗೆ ಹೋಗಿ ಹೇಳಿ ಬರುತ್ತಾರೆ. ನಮ್ಮಂಥವರ ಪರವಾಗಿ ಹೇಳುವವರು ಯಾರೂ ಇಲ್ಲ. ಈ ಸಲ ನಾವೇ ಒಂದು ಮನವಿ ಕಳಿಸೋಣ ಅಂತ ಇಲ್ಲಿ ನಾಲ್ಕೈದು ಜನ ಮಾತಾಡಿಕೊಂಡಿದ್ದೇವೆ.

ನಮ್ಮಂಥವರು ಅಂದರೆ ಯಾವ ಕಂಪನಿಯ ಸಂಬಳದ ಪಟ್ಟಿಯಲ್ಲೂ ಇಲ್ಲದವರು. ವೆಲ್ಡಿಂಗ್ ಪರೀಕ್ಷೆ, ಸೇಫ್ಟಿ ಆಡಿಟ್, ಸರ್ವೇ, ಶಟ್‌ಡೌನ್ ಕೆಲಸ (ಕಾರ್ಖಾನೆ ನಿಲ್ಲಿಸಿ ಮಾಡುವ ರಿಪೇರಿ), ಕಮಿಷನ್ ಮೇಲೆ ಮಾರಾಟ ಮಾಡುವವರು. ಇವತ್ತು ತೋರಣಗಲ್ಲು, ನಾಳೆ ಗಿಣಿಗೇರಾ, ಮುಂದಿನ ವಾರ ಶಕ್ತಿನಗರ. ಗಾಡಿ ನಮ್ಮದು, ಪೆಟ್ರೋಲ್ ನಮ್ಮದು, ಟೈರೂ ನಮ್ಮದೇ.

ಕರಡಿನಲ್ಲಿ ಸದ್ಯಕ್ಕೆ ಇರುವುದು ಇಷ್ಟು. ಕೆಲಸಕ್ಕೆ ಸ್ವಂತ ಗಾಡಿ ಓಡಿಸುವವರು ಕಾರಿಗೆ ಕಿ.ಮೀ.ಗೆ 12 ರೂಪಾಯಿ, ಬೈಕಿಗೆ 5 ರೂಪಾಯಿ ಲೆಕ್ಕದಲ್ಲಿ ಆದಾಯದಿಂದ ಕಳೆಯಲು ಬಿಡಬೇಕು, ಬಿಲ್ ಕೇಳಬಾರದು. ಬೇರೆ ಊರಲ್ಲಿ ಉಳಿದರೆ ರೂಮು, ಊಟಕ್ಕೂ ದಿನಕ್ಕೆ ಒಂದು ಮೊತ್ತ ಕೊಡಬೇಕು. 44ಎಡಿಎ (ಖರ್ಚಿನ ಲೆಕ್ಕ ಕೊಡದೆ, ಬಂದ ಹಣದ ಅರ್ಧವನ್ನು ಆದಾಯ ಅಂತ ತೋರಿಸುವ ಆದಾಯ ತೆರಿಗೆ ಸೆಕ್ಷನ್) ಅಡಿ ಬರುವವರಿಗೂ ಇದು ಸಿಗಬೇಕು.

ಸಂಬಳದವರಿಗೆ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ, ಬಿಲ್ ಕೇಳದೆ ಸಂಬಳದಿಂದ ಕಳೆಯುವ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ. ಅದು ಮತ್ತೆ ಬಂದದ್ದೇ ಓಡಾಟದ ಭತ್ಯೆಯ ಜಾಗದಲ್ಲಿ. 2018ರ ಬಜೆಟ್‌ನಲ್ಲಿ ಪ್ರಯಾಣ ಭತ್ಯೆ ಮತ್ತು ವೈದ್ಯಕೀಯ ಮರುಪಾವತಿಯ ವಿನಾಯಿತಿ ತೆಗೆದು, ಅದರ ಬದಲಿಗೆ 40,000 ಕೊಟ್ಟರು. ಆಮೇಲೆ 50,000 ಆಯಿತು, 2024ರಲ್ಲಿ ಹೊಸ ಪದ್ಧತಿಯವರಿಗೆ 75,000. ಕಂಪನಿ ಬಸ್ಸಿನಲ್ಲಿ ಬರುವವನಿಗೆ ಅದು ಸಿಗುತ್ತದೆ. ಅದೇ ಗೇಟಿಗೆ ಸ್ವಂತ ಬೈಕಿನಲ್ಲಿ ಬರುವ ನನಗೆ ಸಿಗುವುದಿಲ್ಲ. ಇದು ನ್ಯಾಯವೇ?

ಗಿಣಿಗೇರಾ ಶಟ್‌ಡೌನ್

ಒಳ್ಳೇ ಕೆಲಸ ಅಣ್ಣಾ, ನನ್ನ ಸಹಿ ಇದೆ ಅಂತ ಹಾಕಿಕೊಳ್ಳಿ. ನಾನು ಹುಡುಗರನ್ನು ಕರೆದುಕೊಂಡು ಹೋಗಿ ಶಟ್‌ಡೌನ್ ಕೆಲಸ ಮಾಡಿಸುವವನು. ಕೊಪ್ಪಳದಿಂದ ದಿನಾ ಟೆಂಪೋ. ಡೀಸೆಲ್ ಏರಿದರೂ ಟೆಂಪೋದವನು ಏರಿಸುತ್ತಾನೆ, ಇಳಿದರೂ ಏರಿಸುತ್ತಾನೆ.

ಲೆಕ್ಕದ ಪುಸ್ತಕ, ಬಳ್ಳಾರಿ

ಸಹಿ ಹಾಕುವ ಮೊದಲು ಸ್ವಲ್ಪ ತಡೆಯಿರಿ. ನಾನು ರಿಟರ್ನ್ಸ್ ಹಾಕುವ ಕೆಲಸ ಮಾಡುತ್ತೇನೆ. ಮೂರನೇ ಬೇಡಿಕೆ ಓದಿದಾಗ ಒಂದು ಪ್ರಶ್ನೆ ಬಂತು. ಇದರಿಂದ ನಿಜವಾಗಿ ಯಾರಿಗೆ ಉಪಯೋಗ?

44ಎಡಿಎ ಅಡಿ ಎಂಜಿನಿಯರಿಂಗ್, ತಾಂತ್ರಿಕ ಸಲಹೆ ಮುಂತಾದ ವೃತ್ತಿಯವರು ಬಂದ ಹಣದ ಅರ್ಧವನ್ನು ಆದಾಯ ಅಂತ ತೋರಿಸಿದರೆ ಸಾಕು. ಮಿತಿ 50 ಲಕ್ಷ. ನಗದು 5% ಒಳಗಿದ್ದರೆ 75 ಲಕ್ಷ. ಉಳಿದ ಅರ್ಧದಲ್ಲಿ ನಿಮ್ಮ ಪೆಟ್ರೋಲ್, ರೂಮು, ಟೈರು ಎಲ್ಲಾ ಬಂತು ಅಂತಲೇ ಕಾನೂನು ಭಾವಿಸುತ್ತದೆ. ಇನ್ನು 2025ರ ಬಜೆಟ್ ಆದ ಮೇಲೆ ಹೊಸ ಪದ್ಧತಿಯಲ್ಲಿ 12 ಲಕ್ಷದ ತನಕ ಆದಾಯಕ್ಕೆ ರಿಬೇಟ್ ಇದೆ, ಅಂದರೆ ತೆರಿಗೆ ಪೂರ್ತಿ ಮನ್ನಾ. ಈಗ ಲೆಕ್ಕ ಹಾಕಿ. ವರ್ಷಕ್ಕೆ 20 ಲಕ್ಷ ಬಿಲ್ ಮಾಡಿದಿರಿ. ಅರ್ಧ 10 ಲಕ್ಷ. ತೆರಿಗೆ ಸೊನ್ನೆ. 24 ಲಕ್ಷ ಬಿಲ್ ಮಾಡಿದರೂ ಸೊನ್ನೆ. ಸೊನ್ನೆಯಿಂದ ಕಿ.ಮೀ.ಗೆ 5 ರೂಪಾಯಿ ಹೇಗೆ ಕಳೆಯುತ್ತೀರಿ?

ಶಟ್‌ಡೌನ್ ಅವರೇ, ನೀವು 44ಎಡಿಯಲ್ಲಿ, ಅಂದರೆ ಸಣ್ಣ ವ್ಯವಹಾರದವರ ಇಂಥದ್ದೇ ಸೆಕ್ಷನ್ನಿನಲ್ಲಿ ಇರಬೇಕು. ಬ್ಯಾಂಕಿಗೆ ಬಂದ ಹಣದ ಮೇಲೆ 6%, ನಗದು ಬಂದರೆ 8% ಆದಾಯ. ಟೆಂಪೋ ಖರ್ಚು ನಿಮ್ಮ ತೆರಿಗೆಗೆ ಸಂಬಂಧವೇ ಇಲ್ಲ.

ಅಂದ ಹಾಗೆ ಏಪ್ರಿಲ್ 1, 2026ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಈ ಅಂದಾಜು ಆದಾಯದ ಸ್ಕೀಮುಗಳೆಲ್ಲ ಅದರಲ್ಲಿ 58ನೇ ಸೆಕ್ಷನ್ನಿಗೆ ಸೇರಿವೆ. ಎಲ್ಲರ ಬಾಯಲ್ಲೂ ಹಳೇ ನಂಬರೇ ಇದೆ, ನಾನೂ ಅದನ್ನೇ ಬರೆಯುತ್ತೇನೆ. ಮನವಿಯಲ್ಲಿ ಮಾತ್ರ ಹೊಸ ನಂಬರ್ ಹಾಕಿ.

ಗಿಣಿಗೇರಾ ಶಟ್‌ಡೌನ್

ಹಾಗಾದರೆ ನನ್ನ ಸಹಿ ವಾಪಸ್ ಕೊಡಿ ಅಣ್ಣಾ 😀

ತಮಾಷೆ ಬಿಡಿ. ನನಗೆ ತೆರಿಗೆಗಿಂತ ರೇಟಿನದ್ದೇ ತಲೆನೋವು. ವರ್ಕ್ ಆರ್ಡರಿನಲ್ಲಿ ‘ಎಲ್ಲಾ ಸೇರಿ’ ಅಂತ ಒಂದು ಸಾಲು ಇರುತ್ತದೆ. ಆ ಸಾಲಿನಲ್ಲಿ ಟೆಂಪೋ, ಊಟ, ಗೇಟ್ ಹತ್ತಿರ ಕಾಯುವ ಹೊತ್ತು ಎಲ್ಲಾ ಮುಗಿದು ಹೋಗುತ್ತದೆ.

ಕುಷ್ಟಗಿ ಸರ್ವೇ

ಲೆಕ್ಕದ ಪುಸ್ತಕ ಸರ್, ನೀವು ಹೇಳಿದ್ದು 24 ಲಕ್ಷದ ಒಳಗಿನವರಿಗೆ ಸರಿ. ನನ್ನ ಕಥೆ ಬೇರೆ. ಗಾಳಿಯಂತ್ರ ನಿಲ್ಲಿಸುವ ಜಾಗದ ಸರ್ವೇ ನನ್ನ ಕೆಲಸ. ಕುಷ್ಟಗಿ, ಯಲಬುರ್ಗಾ ಕಡೆ ಹೊಲದಿಂದ ಹೊಲಕ್ಕೆ ಓಡಾಟ. ಬಾಡಿಗೆ ಜೀಪ್ ಬೇಕು, ಇಬ್ಬರು ಹುಡುಗರು ಬೇಕು, ಯಂತ್ರ ಹೊರಬೇಕು. ಹೆಣ್ಣುಮಗಳು ಒಬ್ಬಳೇ ಬಸ್ಸಿನಲ್ಲಿ ಹೋಗಿ ಮಾಡುವ ಕೆಲಸ ಇದಲ್ಲ. ಬಿಲ್ ಮೊತ್ತ ದೊಡ್ಡದು ಕಾಣುತ್ತದೆ. ಕೈಯಲ್ಲಿ ಅರ್ಧ ಉಳಿಯುವುದೇ ಇಲ್ಲ. ಆದರೂ ಅರ್ಧ ತೋರಿಸು ಅಂದರೆ?

ಲೆಕ್ಕದ ಪುಸ್ತಕ, ಬಳ್ಳಾರಿ

ಮೇಡಂ, ಇಲ್ಲಿ ನಿಜವಾದ ಪ್ರಶ್ನೆ ಕೇಳಿದ್ದು ನೀವು. 30 ಲಕ್ಷ ಬಿಲ್ ಅಂದುಕೊಳ್ಳೋಣ. ಅರ್ಧ ಅಂದರೆ 15 ಲಕ್ಷ ಆದಾಯ. ಹೊಸ ಪದ್ಧತಿಯಲ್ಲಿ 4ರಿಂದ 8 ಲಕ್ಷಕ್ಕೆ 20,000, 8ರಿಂದ 12ಕ್ಕೆ 40,000, ಮೇಲಿನ 3 ಲಕ್ಷಕ್ಕೆ 15% ಅಂದರೆ 45,000. ಸೆಸ್ ಸೇರಿ 1,09,200. ನಿಮಗೆ ನಿಜವಾಗಿ ಉಳಿದದ್ದು 9 ಲಕ್ಷ ಆಗಿದ್ದರೆ ತೆರಿಗೆ ಸೊನ್ನೆ ಆಗಬೇಕಿತ್ತು.

ಹಾಗಂತ 9 ಲಕ್ಷ ತೋರಿಸಬಹುದು, ಯಾರೂ ತಡೆಯುವುದಿಲ್ಲ. ಆದರೆ ಪುಸ್ತಕ ಬರೆದಿಡಬೇಕು, ಆಡಿಟ್ ಮಾಡಿಸಬೇಕು. ಅರ್ಧಕ್ಕಿಂತ ಕಡಿಮೆ ತೋರಿಸಿ, ಆದಾಯ ತೆರಿಗೆಯ ಕನಿಷ್ಠ ಮಿತಿ ದಾಟಿದ್ದರೆ ಆಡಿಟ್ ಕಡ್ಡಾಯ. ಖರ್ಚು ಪೂರ್ತಿಯಾಗಿ ಕೆಲಸಕ್ಕಾಗಿಯೇ ಆಗಿರಬೇಕು. ಒಬ್ಬನಿಗೆ ಒಂದು ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಜೀಪಿನವನಿಗೆ ವಾರದ್ದು ಒಟ್ಟಿಗೆ ನಗದು ಕೊಡುವವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ. 35,000 ತನಕ ಕೊಡಬಹುದು ಅಂತ ಕೆಲವರು ಹೇಳುತ್ತಾರೆ. ಅದು ಸರಕು ಸಾಗಿಸುವ ಲಾರಿಯವರಿಗೆ ಮಾತ್ರ. ಜನ ಕೂರುವ ಗಾಡಿಗೆ ಅಲ್ಲ.

ಸಿಂಧನೂರು ಬೀಜ

ನೋಡ್ರಿ, ನೀವೆಲ್ಲಾ 44ಎಡಿ, 44ಎಡಿಎ ಅಂತ ಮಾತಾಡುತ್ತೀರಿ. ನಾನು ಎರಡರಲ್ಲೂ ಇಲ್ಲ. ಬೀಜ, ಔಷಧಿ ಕಮಿಷನ್ ಏಜೆಂಟ್. ಕಮಿಷನ್ನಿನವರಿಗೆ ಆ ಅನುಕೂಲ ಇಲ್ಲ ಅಂತ ಕಾನೂನಿನಲ್ಲೇ ಇದೆ. ಖರ್ಚು ಪ್ರತಿ ರೂಪಾಯಿ ತೋರಿಸಬೇಕು.

ನನ್ನ ಕೆಲಸ ಇರುವುದೇ ಓಡಾಟದಲ್ಲಿ. ಮಾನ್ವಿ, ಮಸ್ಕಿ, ಲಿಂಗಸುಗೂರು, ಕಾಲುವೆ ದಂಡೆಯ ಹಳ್ಳಿಗಳು. ಬೈಕ್ ಮೇಲೆ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಮನೆ. ಬಂಕ್ ಬಿಲ್ ಜೇಬಲ್ಲಿ ಇಟ್ಟುಕೊಂಡರೆ ರಾಯಚೂರಿನ ಬಿಸಿಲಿಗೆ ನಾಲ್ಕು ದಿನದಲ್ಲಿ ಬಿಳಿ ಕಾಗದ. ಆಡಿಟರ್ ಮುಂದೆ ಬಿಳಿ ಕಾಗದದ ಕಟ್ಟು ಇಟ್ಟರೆ ಅವರು ಏನು ಮಾಡಬೇಕು?

ನನಗೆ ವೆಲ್ಡ್‌ಟೆಸ್ಟ್ ಅವರ ಮೊದಲ ಬೇಡಿಕೆ ಬೇಕೇ ಬೇಕು. ಉಳಿದದ್ದು ಬಿಡಿ.

ಲೆಕ್ಕದ ಪುಸ್ತಕ, ಬಳ್ಳಾರಿ

ಬೀಜದವರೇ, ನಿಮ್ಮದು 12 ಲಕ್ಷದ ಗೆರೆಯ ಆಟ. ಖರ್ಚೆಲ್ಲಾ ಕಳೆದು 11 ಲಕ್ಷ ಉಳಿದರೆ ತೆರಿಗೆ ಇಲ್ಲ. ಓಡಾಟದ 2 ಲಕ್ಷಕ್ಕೆ ಆಧಾರ ಇಲ್ಲ ಅಂತ ತೆಗೆದುಹಾಕಿದರೆ ಆದಾಯ 13 ಲಕ್ಷ, ತೆರಿಗೆ ಸೆಸ್ ಸೇರಿ 78,000. ಒಂದು ಕಟ್ಟು ಬಿಲ್ಲಿನ ಬೆಲೆ ಅಷ್ಟು. ಸದ್ಯಕ್ಕೆ ಯುಪಿಐನಲ್ಲಿ ಪೆಟ್ರೋಲ್ ಹಾಕಿಸಿ. ದಿನದ ಓಡಾಟ ಒಂದು ಡೈರಿಯಲ್ಲಿ ಬರೆಯಿರಿ, ಯಾವ ಹಳ್ಳಿ, ಯಾವ ಅಂಗಡಿ, ಎಷ್ಟು ಕಿ.ಮೀ. ಬಿಲ್ ಫೋಟೋ ಅವತ್ತೇ ತೆಗೆಯಿರಿ. ಬೈಕಿನ ಮೇಲೆ ವರ್ಷಕ್ಕೆ 15% ಸವಕಳಿಯೂ ಇದೆ, ಸುಮ್ನೆ ಬಿಡಬೇಡಿ. ಮಗನನ್ನು ಕಾಲೇಜಿಗೆ ಬಿಡಲು ಓಡಿಸಿದ್ದನ್ನು ಬೇರೆ ಮಾಡಿ.

ಕಂಟೋನ್ಮೆಂಟ್ ವಾಪಸ್

ನಾನು ಕೆಲವು ವರ್ಷ ಇಂಗ್ಲೆಂಡಿನಲ್ಲಿ ಕಾಂಟ್ರಾಕ್ಟ್ ಮೇಲೆ ಕೆಲಸ ಮಾಡಿ ಬಂದವನು. ವೆಲ್ಡ್‌ಟೆಸ್ಟ್ ಅವರು ಕೇಳುತ್ತಿರುವ ಕಿ.ಮೀ. ಲೆಕ್ಕ ಅಲ್ಲಿ ಇದೆ, ಅಲ್ಲಿ ಮೈಲಿ ಲೆಕ್ಕ. 2011ರಲ್ಲಿ ಕಾರಿಗೆ ಮೈಲಿಗೆ 40 ಪೆನ್ಸ್ ಇದ್ದದ್ದು 45 ಆಯಿತು, ವರ್ಷದ ಮೊದಲ 10,000 ಮೈಲಿಗೆ. ಅದರ ಮೇಲೆ 25. ಪೆಟ್ರೋಲ್ ಬಿಲ್ ಕೂಡಿಸುವ ಗೋಳಿಲ್ಲ, ಮೈಲಿ ಬರೆದಿಟ್ಟರೆ ಆಯಿತು. ಇಷ್ಟು ಕೇಳಿದರೆ ಸ್ವರ್ಗ ಅನಿಸುತ್ತದೆ ಅಲ್ವಾ?

ಆದರೆ ಮುಂದಿನದ್ದೂ ಕೇಳಿ. ಅಲ್ಲಿ ಮನೆಯಿಂದ ಕಾಯಂ ಕೆಲಸದ ಜಾಗಕ್ಕೆ ಹೋಗುವುದು ಖರ್ಚಲ್ಲ. ತಾತ್ಕಾಲಿಕ ಜಾಗಕ್ಕೆ ಹೋದರೆ ಖರ್ಚು. ತಾತ್ಕಾಲಿಕ ಅನ್ನಲು 24 ತಿಂಗಳ ಗೆರೆ ಇದೆ. ಇದನ್ನು ಹಿಡಿದುಕೊಂಡು ‘ಅಂಬ್ರೆಲಾ’ ಕಂಪನಿಗಳು ಹುಟ್ಟಿದವು. ಕಾಂಟ್ರಾಕ್ಟಿನವರನ್ನೆಲ್ಲ ಒಂದೇ ದೊಡ್ಡ ನೌಕರಿ ಒಪ್ಪಂದದಡಿ ಸೇರಿಸಿಕೊಂಡು, ಅವರು ಹೋಗುವ ಪ್ರತಿ ಸೈಟೂ ತಾತ್ಕಾಲಿಕ ಅಂತ ತೋರಿಸಿದವು. ದಿನಾ ಮನೆಯಿಂದ ಕೆಲಸಕ್ಕೆ ಹೋಗಿಬರುವ ಖರ್ಚಿಗೂ ತೆರಿಗೆ ಉಳಿಯಿತು. ಪಕ್ಕದಲ್ಲೇ ಅದೇ ಕೆಲಸ ಮಾಡುವ ಸಂಬಳದವನಿಗೆ ಅದು ಇರಲಿಲ್ಲ. 2015ರಲ್ಲಿ ಸರ್ಕಾರ ಇದನ್ನು ನಿಲ್ಲಿಸುವ ಪ್ರಸ್ತಾಪ ಇಟ್ಟಿತು. ಏಪ್ರಿಲ್ 6, 2016ರಿಂದ ನಿಂತೂ ಹೋಯಿತು. ಮಧ್ಯೆ ಒಂದು ಕಂಪನಿ ಇಟ್ಟುಕೊಂಡು ದುಡಿಯುವವನು ಕೆಲಸ ಕೊಟ್ಟವರ ಮೇಲ್ವಿಚಾರಣೆ, ನಿರ್ದೇಶನ ಅಥವಾ ನಿಯಂತ್ರಣದಲ್ಲಿ ಇದ್ದರೆ ಪ್ರತಿ ಸೈಟೂ ಬೇರೆ ನೌಕರಿ ಇದ್ದ ಹಾಗೆ. ಮನೆಯಿಂದ ಅಲ್ಲಿಗೆ ಹೋಗುವ ಖರ್ಚು ಕಳೆಯುವಂತಿಲ್ಲ. ಮೂರರಲ್ಲಿ ಒಂದು ಇದ್ದರೂ ಸಾಕು.

ನಾನು ಕೇಳುವುದು ಇಷ್ಟೇ. ತೋರಣಗಲ್ಲಿನ ಗೇಟಿನಲ್ಲಿ ನಿಂತು ಆ ಮೂರು ಪ್ರಶ್ನೆ ಕೇಳಿದರೆ ನಮ್ಮಲ್ಲಿ ಎಷ್ಟು ಜನ ಪಾಸಾಗುತ್ತೇವೆ?

ತೋರಣಗಲ್ಲು ವೆಲ್ಡ್‌ಟೆಸ್ಟ್

ಅದು ಅಲ್ಲಿಯ ಕಾನೂನು ಸರ್. ಇಲ್ಲಿ ಯಾಕೆ ಬರುತ್ತದೆ? ನಾವು ಕೇಳುತ್ತಿರುವುದು ಪೆಟ್ರೋಲ್ ಖರ್ಚು. ಯಾರೂ ಕಂಪನಿ ಕಟ್ಟಿ ಆಟ ಆಡುತ್ತಿಲ್ಲ.

ಕಂಟೋನ್ಮೆಂಟ್ ವಾಪಸ್

ಇಲ್ಲಿ ಬರುತ್ತದೆ ಅಂತ ನಾನು ಹೇಳಲಿಲ್ಲ. ಬಿಲ್ ಇಲ್ಲದೆ ಪ್ರಯಾಣ ಖರ್ಚು ಕೊಟ್ಟರೆ ಸರ್ಕಾರ ಮೊದಲು ಕೇಳುವ ಪ್ರಶ್ನೆ ಯಾವುದು ಅಂತ ಹೇಳಿದೆ. ಇದು ಕೆಲಸದ ಓಡಾಟವೋ, ಮನೆಯಿಂದ ಡ್ಯೂಟಿಗೆ ಹೋದದ್ದೋ? ನೀವು ವರ್ಷವಿಡೀ ಒಂದೇ ಕಾರ್ಖಾನೆಗೆ ಹೋಗುತ್ತಿದ್ದರೆ ಏನು ಉತ್ತರ?

ಲೆಕ್ಕದ ಪುಸ್ತಕ, ಬಳ್ಳಾರಿ

ಇಲ್ಲಿಯೂ ಆ ಪ್ರಶ್ನೆ ಹೊಸದಲ್ಲ. ಆಸ್ಪತ್ರೆಗಳ ಕನ್ಸಲ್ಟೆಂಟ್ ಡಾಕ್ಟರುಗಳು ನೌಕರರೋ, ಸ್ವತಂತ್ರರೋ ಅಂತ ತೆರಿಗೆ ಇಲಾಖೆ ಜಗಳ ತೆಗೆದು ಹೈಕೋರ್ಟುಗಳ ತನಕ ಹೋಗಿದೆ. ನೌಕರರು ಅಂತಾದರೆ ಸಂಬಳದ ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ), ಅಲ್ಲ ಅಂತಾದರೆ ವೃತ್ತಿ ಶುಲ್ಕದ 194ಜೆ ಟಿಡಿಎಸ್. ಸಮಯ ಯಾರು ಗೊತ್ತು ಮಾಡುತ್ತಾರೆ, ಬೇರೆ ಕಡೆ ಕೆಲಸ ಮಾಡಬಹುದೇ, ರಜೆ, ಪಿಎಫ್ ಇದೆಯೇ ಅಂತೆಲ್ಲಾ ನೋಡಿದ್ದಾರೆ.

ನಮ್ಮ ಕಡೆಯ ಒಂದು ವಿಚಿತ್ರ ಹೇಳುತ್ತೇನೆ. ಕಿ.ಮೀ. ಓಡಿಸಿದ್ದಕ್ಕೆ ನಿಮ್ಮ ಹತ್ತಿರ ಇರುವ ಒಳ್ಳೆಯ ಸಾಕ್ಷಿ ಯಾವುದು? ಗೇಟ್ ಪಾಸ್. ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಎಲ್ಲಾ ಕಂಪ್ಯೂಟರಿನಲ್ಲಿ ಇರುತ್ತದೆ. ಅದೇ ಗೇಟ್ ಪಾಸ್ ಇನ್ನೊಂದು ಮಾತೂ ಹೇಳುತ್ತದೆ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಒಳಗೆ, ಸಂಜೆ ಒಂದೇ ಹೊತ್ತಿಗೆ ಹೊರಗೆ, ಒಂದೇ ವಿಭಾಗ, ಒಬ್ಬನೇ ಸೂಪರ್‌ವೈಸರ್. ಪ್ರಯಾಣ ಖರ್ಚು ಕೇಳಲು ಆ ಕಾಗದ ತೋರಿಸಿದರೆ ನೀವು ಸ್ವತಂತ್ರರೇ ಅನ್ನುವ ಅನುಮಾನವನ್ನೂ ನೀವೇ ಕೈಯಾರೆ ಕೊಟ್ಟಂತೆ. ನನ್ನ ಅಭಿಪ್ರಾಯದಲ್ಲಿ ಒಂದೇ ಕಾರ್ಖಾನೆಯವರು ಈ ಹುತ್ತಕ್ಕೆ ಕೈ ಹಾಕಬಾರದು.

ಶಕ್ತಿನಗರ ಬಾಯ್ಲರ್

ಹಿರಿಯನಾಗಿ ಒಂದು ಮಾತು. ನಿವೃತ್ತಿ ಆದ ಮೇಲೆ ಅಲ್ಲಲ್ಲಿ ಸಲಹೆ ಕೊಡಲು ಹೋಗುತ್ತೇನೆ.

ನಿಗದಿ ಮೊತ್ತ ಕೇಳುವುದರಲ್ಲೇ ನನಗೆ ಭಯ. ಹಿಂದೆ 6ಡಿ ಅಂತ ಒಂದು ನಿಯಮ ಇತ್ತು. ವ್ಯವಹಾರದ ಮೇಲೆ ಊರೂರು ಸುತ್ತಿದರೆ ಹೋಟೆಲ್ ಖರ್ಚು ದಿನಕ್ಕೆ ಇಂತಿಷ್ಟರ ಮೇಲೆ ಒಪ್ಪುತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಗೆ ಅದು ಹೋಯಿತು. ಈಗ ನಿಜವಾಗಿ ಎಷ್ಟು ಖರ್ಚಾಯಿತೋ ಅಷ್ಟನ್ನೂ ಕಳೆಯಬಹುದು. ಕರಡಿನ ಎರಡನೇ ಬೇಡಿಕೆ ಆ ಹಳೇ ಮಿತಿಯನ್ನು ನಾವೇ ಕೈಮುಗಿದು ವಾಪಸ್ ಕರೆದ ಹಾಗಿದೆ.

ಸಂಬಳದವರ ಪ್ರಯಾಣ ಭತ್ಯೆಯ ಕಥೆಯೂ ಹೀಗೇ. ತಿಂಗಳಿಗೆ 800 ಅಂತ ಇಟ್ಟರು. ವರ್ಷಗಟ್ಟಲೆ ಅಲ್ಲೇ ನಿಂತಿತ್ತು. 1,600 ಆಗಲು 2015 ಬರಬೇಕಾಯಿತು. ಅಷ್ಟರಲ್ಲಿ ಪೆಟ್ರೋಲ್ ಎಲ್ಲಿಗೆ ಹೋಗಿತ್ತು ಅಂತ ನಿಮಗೇ ಗೊತ್ತು. ನೀವು ಇವತ್ತು 5 ರೂಪಾಯಿ ಬರೆದರೆ ಹದಿನೈದು ವರ್ಷ ಆದ ಮೇಲೂ 5 ರೂಪಾಯಿಯೇ ಇರುತ್ತದೆ.

ಸಿಂಧನೂರು ಬೀಜ

ಹಿರಿಯರಿಗೆ ನಮಸ್ಕಾರ. ಆದರೆ ಅಜ್ಜಾರೆ, ನನ್ನ ಹತ್ತಿರ ಇವತ್ತು 5 ರೂಪಾಯಿಯೂ ಇಲ್ಲವಲ್ಲ. ಮಿತಿ ಬರುತ್ತದೆ ಅಂತ ಹೆದರುವವರು ಬಿಲ್ ಇಟ್ಟುಕೊಂಡು ನಿಜವಾದ ಖರ್ಚು ತೋರಿಸಲಿ, ಬೇಡ ಅಂದವರು ಯಾರು? ಎರಡರಲ್ಲಿ ಯಾವುದು ಬೇಕೋ ಅದು ಅಂತ ಕೇಳಿದರೆ ಆಯಿತು.

ಶಕ್ತಿನಗರ ಬಾಯ್ಲರ್

ಹಾಗೆ ಕೇಳುವುದಾದರೆ ನನ್ನ ತಕರಾರು ಇಲ್ಲ.

ಕುಷ್ಟಗಿ ಸರ್ವೇ

ಆದಾಯ ತೆರಿಗೆ ಒಂದೇ ಅಲ್ಲ, ಜಿಎಸ್‌ಟಿ ಬಗ್ಗೆ ಯಾರೂ ಮಾತೇ ಎತ್ತಿಲ್ಲ. ನನಗೆ ಜಾಸ್ತಿ ಬಿಸಿ ತಟ್ಟಿದ್ದು ಅಲ್ಲಿ. ಸರ್ವೇ ಶುಲ್ಕ ಒಂದು ಸಾಲು, ಜೀಪ್ ಖರ್ಚು ಒಂದು ಸಾಲು ಅಂತ ಬಿಲ್ ಮಾಡಿದೆ. ಜೀಪಿನ ಸಾಲಿನ ಮೇಲೂ 18% ಸೇರಿಸಬೇಕು ಅಂದರು. ಕೆಲಸ ಕೊಟ್ಟವರು, ‘ಜೀಪಿನ ಬಾಡಿಗೆಗೆ ನಾವ್ಯಾಕೆ 18% ಕೊಡಬೇಕು, ಅಷ್ಟು ಕಡಿಮೆ ಮಾಡಿ’ ಅಂದರು. ಕಡಿಮೆ ಮಾಡಿದ್ದು ನನ್ನ ಕೈಯಿಂದಲೇ ಹೋಯಿತು. ಆ ಕಂಪನಿ ಹೆಸರು ಬೇಡ. ಎಲ್ಲರೂ ಹಾಗೇ ಮಾಡುತ್ತಾರೆ.

ಲೆಕ್ಕದ ಪುಸ್ತಕ, ಬಳ್ಳಾರಿ

ಹೌದು ಮೇಡಂ. ನಿಮ್ಮ ಕೆಲಸದ ಜೊತೆಗೆ ವಸೂಲಿ ಮಾಡುವ ಓಡಾಟದ ಖರ್ಚು ನಿಮ್ಮ ಸೇವೆಯ ಬೆಲೆಯಲ್ಲೇ ಸೇರುತ್ತದೆ. ಇನ್ನೂ ರಿಜಿಸ್ಟ್ರೇಷನ್ ಇಲ್ಲದವರು ಇದನ್ನು ಗಮನಿಸಿ. ಸೇವೆಗೆ ಮಿತಿ 20 ಲಕ್ಷ. ಶುಲ್ಕ 18.5 ಲಕ್ಷ ಇದೆ, ನಾನು ಒಳಗಿದ್ದೇನೆ ಅಂದುಕೊಂಡಿರುತ್ತೀರಿ. ಮೇಲೆ 2 ಲಕ್ಷ ಪ್ರಯಾಣ ಬಿಲ್ ಮಾಡಿದಿರಿ. ಗೆರೆ ದಾಟಿತು.

ದಾರಿ ಇದೆ. ಗಾಡಿ, ರೂಮು ಒದಗಿಸುವ ಹೊಣೆ ಕೆಲಸ ಕೊಟ್ಟವರದ್ದೇ ಅಂತ ಒಪ್ಪಂದದಲ್ಲೇ ಬರೆಸಿ. ಅವರೇ ಗಾಡಿ ಗೊತ್ತು ಮಾಡಲಿ, ಅವರೇ ದುಡ್ಡು ಕೊಡಲಿ. ಆಗ ಅದು ನಿಮ್ಮ ಬಿಲ್ಲಿಗೇ ಬರುವುದಿಲ್ಲ. ಒಪ್ಪಂದದಲ್ಲಿ ಹೊಣೆ ನಿಮ್ಮದು ಅಂತ ಇದ್ದು ಅವರು ಸುಮ್ನೆ ದುಡ್ಡು ಕೊಟ್ಟರೆ ಮಾತ್ರ ಅದೂ ನಿಮ್ಮ ಬೆಲೆಗೆ ಸೇರುತ್ತದೆ. ಆ ಒಂದು ಸಾಲು ಬರೆಸುವುದೇ ಕಷ್ಟ, ಗೊತ್ತು.

ಗಿಣಿಗೇರಾ ಶಟ್‌ಡೌನ್

‘ಎಲ್ಲಾ ಸೇರಿ’ ಅನ್ನುವ ಸಾಲು ಮೊದಲು ತೆಗೆಸಿ ಸರ್, ಆಮೇಲೆ ಈ ಸಾಲು ಬರೆಸೋಣ. ದೆಹಲಿಗೆ ಮನವಿ ಕಳಿಸುವುದು ಸುಲಭ. ಪರ್ಚೇಸ್ ವಿಭಾಗಕ್ಕೆ ಕಳಿಸುವ ಧೈರ್ಯ ಯಾರಿಗಿದೆ?

ತೋರಣಗಲ್ಲು ವೆಲ್ಡ್‌ಟೆಸ್ಟ್

ಎಲ್ಲಾ ಓದಿದೆ. ರಾತ್ರಿ ಕರಡು ಬದಲಾಯಿಸಿದ್ದೇನೆ.

ರೂಮು, ಊಟದ ದಿನದ ಮೊತ್ತ ತೆಗೆದೆ. ಬಾಯ್ಲರ್ ಸರ್ ಹೇಳಿದ್ದು ಸರಿ ಅನಿಸಿತು. ಕಿ.ಮೀ. ಲೆಕ್ಕವನ್ನು ಪುಸ್ತಕ ಬರೆಯುವವರಿಗೆ ಮಾತ್ರ ಕೇಳುತ್ತೇವೆ, ಮುಖ್ಯವಾಗಿ ಕಮಿಷನ್ನಿನವರಿಗೆ. ಬಿಲ್ ಇದ್ದವರು ನಿಜವಾದ ಖರ್ಚು ತೋರಿಸಬಹುದು, ಇಲ್ಲದವರು ಡೈರಿ ಇಟ್ಟು ಕಿ.ಮೀ. ಲೆಕ್ಕ. ಕುಷ್ಟಗಿ ಮೇಡಂ ಅಂಥವರಿಗಾಗಿ ಬೇರೆ ಒಂದು ಬೇಡಿಕೆ ಸೇರಿಸಿದ್ದೇನೆ. 44ಎಡಿಎಯಲ್ಲಿ ಅರ್ಧಕ್ಕಿಂತ ಕಡಿಮೆ ಆಗಲು ಕಾರಣ ಗಾಡಿ ಬಾಡಿಗೆ, ಪ್ರಯಾಣ ಮಾತ್ರ ಆಗಿದ್ದು, ಅದನ್ನು ಬ್ಯಾಂಕ್ ಮೂಲಕ ಕೊಟ್ಟಿದ್ದರೆ ಆಡಿಟ್ ಬೇಡ. ಒಂದೇ ಕಾರ್ಖಾನೆಗೆ ದಿನಾ ಹೋಗುವ ನನ್ನಂಥವರ ವಿಷಯ ಪೂರ್ತಿ ಬಿಟ್ಟೆ. 75,000ದ ಹೋಲಿಕೆ ಉಳಿಸಿದ್ದೇನೆ, ಅದು ತೆಗೆಯುವುದಿಲ್ಲ.

ಲೆಕ್ಕದ ಪುಸ್ತಕ, ಬಳ್ಳಾರಿ

ಆಡಿಟ್ ಬೇಡ ಅನ್ನುವ ಬೇಡಿಕೆ ಚೆನ್ನಾಗಿದೆ. ಇಂಥದ್ದಕ್ಕೆ ಹಳೇ ಉದಾಹರಣೆಯೂ ಇದೆ. 44ಎಡಿಯಲ್ಲಿ ಪಾಲುದಾರಿಕೆ ಸಂಸ್ಥೆಗಳು ಅಂದಾಜು ಆದಾಯದಿಂದ ಪಾಲುದಾರರ ಸಂಬಳ, ಬಡ್ಡಿ ಬೇರೆಯಾಗಿ ಕಳೆಯಲು 2016ರ ಬಜೆಟ್ ತನಕ ಬಿಟ್ಟಿದ್ದರು. ಅಂದಾಜಿನ ಮೇಲೆ ಇನ್ನೊಂದು ಕಳೆಯುವುದು ಆಗದ ಮಾತು ಅಂತೇನೂ ಇಲ್ಲ. ತೆಗೆದುಹಾಕಿದರು ಅನ್ನುವುದು ಬೇರೆ ಮಾತು. ಅದನ್ನು ಒಂದು ಸಾಲಿನಲ್ಲಿ ಸೇರಿಸಿ.

ಆದರೆ 12, 5 ಅನ್ನುವ ಅಂಕಿ ಎಲ್ಲಿಂದ ಬಂತು? ಅದನ್ನು ತೆಗೆಯಿರಿ. ‘ಸರ್ಕಾರ ನಿಗದಿ ಮಾಡಿ, ಪ್ರತಿ ವರ್ಷ ಪರಿಷ್ಕರಿಸಲಿ’ ಅಂತ ಬರೆಯಿರಿ.

ಸಿಂಧನೂರು ಬೀಜ

ಅಂಕಿ ತೆಗೆಯಬಾರದು. ಅಂಕಿ ಇಲ್ಲದ ಮನವಿ ಯಾರೂ ಪೂರ್ತಿ ಓದುವುದಿಲ್ಲ. ಲೆಕ್ಕ ಮಾಡಿ ನೋಡಿ. ಪೆಟ್ರೋಲ್ ಲೀಟರಿಗೆ ನೂರು ದಾಟಿದೆ. ಹಳ್ಳಿ ರಸ್ತೆಯಲ್ಲಿ ಬೈಕ್ 45 ಕೊಟ್ಟರೆ ಹೆಚ್ಚು. ಪೆಟ್ರೋಲೇ ಎರಡೂಕಾಲು ರೂಪಾಯಿ. ಟೈರು, ಆಯಿಲ್, ಸರ್ವಿಸ್, ಇನ್ಶೂರೆನ್ಸ್, ಸವಕಳಿ ಸೇರಿಸಿ. 5 ರೂಪಾಯಿ ಏನೂ ದುಬಾರಿ ಅಲ್ಲ.

ಕುಷ್ಟಗಿ ಸರ್ವೇ

ಬೈಕಿಗೆ 5 ಸರಿ ಇರಬಹುದು. ಕಾರಿಗೆ 12 ಹೇಗೆ ಬಂತು ಅಂತ ಯಾರೂ ಹೇಳಿಲ್ಲ. ಡೀಸೆಲ್ ಜೀಪಿಗೂ ಸಣ್ಣ ಕಾರಿಗೂ ಒಂದೇ ರೇಟಾ?

ತೋರಣಗಲ್ಲು ವೆಲ್ಡ್‌ಟೆಸ್ಟ್

ಕಾರಿನದ್ದು ಅಂದಾಜಿನ ಮೇಲೆ ಹಾಕಿದ್ದು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬಳ್ಳಾರಿಯಲ್ಲಿ ಸೇರೋಣ, ಜಾಗ ಇಲ್ಲೇ ತಿಳಿಸುತ್ತೇನೆ. ಕಾರು, ಜೀಪ್ ಇರುವವರು ಒಂದು ವರ್ಷದ ಸರ್ವಿಸ್ ಬಿಲ್, ಇನ್ಶೂರೆನ್ಸ್ ಕಾಗದ, ಮೀಟರ್ ಫೋಟೋ ತನ್ನಿ. ಟೋಲ್ ಕಟ್ಟುವವರು ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ತೆಗೆಸಿ ತನ್ನಿ. ಬರಲು ಆಗದವರು ಶನಿವಾರದ ಒಳಗೆ ಅಂಕಿ ಇಲ್ಲೇ ಹಾಕಿ. ಲೆಕ್ಕದ ಪುಸ್ತಕ ಸರ್, ನೀವು ಬರಲೇಬೇಕು.

ಲೆಕ್ಕದ ಪುಸ್ತಕ, ಬಳ್ಳಾರಿ

ಬರುತ್ತೇನೆ. ಈಗ ರಿಟರ್ನ್ಸ್ ಕೆಲಸ ಜಾಸ್ತಿ, ಹನ್ನೆರಡರ ಮೇಲೆ ಇರಲು ಆಗುವುದಿಲ್ಲ.